ನಾಲ್ಕನೆಯವನ ಬೆಲೆ



ವೃಷಭ ಮಾಸದ ಹತ್ತನೆಯ ದಿವಸ, ನಮ್ಮವರು ಹತ್ತನಾವಧಿ ಎಂದು ಕರೆಯುವ ಆ ದಿವಸ ಕಳೆದು, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿ, ವೇಷದ ಪೆಟ್ಟಿಗೆಗಳು ಉಗ್ರಾಣವನ್ನು ಸೇರಿ, ಮಳೆ ಹಿಡಿಯುವುದಕ್ಕೆ ಇನ್ನೂ ನಾಲ್ಕೆಂಟು ದಿವಸಗಳು ಉಳಿದಿರುವಾಗ, ಬ್ರಹ್ಮಾವರದಿಂದ ಬೈಂದೂರಿನ ತನಕ ಹೆದ್ದಾರಿಯ ಇಕ್ಕೆಲದ ಹೋಟೆಲುಗಳಲ್ಲಿ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳಕ್ಕೆ? “ಅವ್ರ್ ಬಪ್ಪ್ ವರ್ಷ ಪೆರ್ಡೂರ್ ಬಿಟ್ಟ್ ಸಾಲಿಗ್ರಾಮಕ್ಕಂಬ್ರ್” ಎಂದು ಒಬ್ಬರು ಹೇಳಿದರೆ, ಅಷ್ಟು ಸಂಬಳ ಕೊಟ್ಟು ಅವರನ್ನು ಕರೆದುಕೊಂಡು ಹೋದರೆ ಯಜಮಾನರಿಗೆ ಉಳಿಯುವುದೇನು ಎಂದು ಇನ್ನೊಬ್ಬರು ಕೇಳುತ್ತಾರೆ. ಮೂರನೆಯವರು ಚಹಾದ ಲೋಟವನ್ನು ಕೆಳಗಿಟ್ಟು, ಅವರಿಗಿಂತ ಕಡಿಮೆ ಸಂಬಳಕ್ಕೆ ದೊರಕಬಹುದಾದ, ಆದರೆ ಮುಂಡಾಸು ಕಟ್ಟಿ ನಿಂತರೆ ರಂಗಸ್ಥಳ ತುಂಬತಕ್ಕ ಇನ್ನೊಬ್ಬ ಕಲಾವಿದನ ಹೆಸರನ್ನು ಹೇಳಿ ಎಲ್ಲರ ಬಾಯನ್ನೂ ಮುಚ್ಚಿಸುತ್ತಾರೆ. ಒಂದು ವೃತ್ತಿನಿರತ ತಂಡ, ಪರಿಮಿತವಾದ ಹಣದ ಚೀಲ, ಅದರಲ್ಲಿ ತೆರವಾಗಿರುವ ಒಂದು ಮುಖ್ಯ ಸ್ಥಾನ, ಆ ಸ್ಥಾನಕ್ಕೆ ಬೇಕಾದ ಬಲಶಾಲಿಯಾದ ಒಬ್ಬ ವ್ಯಕ್ತಿ: ಈ ನಾಲ್ಕನ್ನು ಹೊಂದಿಸತಕ್ಕ ಗಣಿತವು ನಮ್ಮ ಜನಕ್ಕೆ ಪಾಠಶಾಲೆಯಲ್ಲಿ ಕಲಿತ ಗಣಿತಕ್ಕಿಂತ ಹೆಚ್ಚು ಪರಿಚಿತವಾದುದು.

ಈ ದಿವಸ ನಾನು ಮಾತನಾಡಬೇಕಾಗಿರುವುದು ಬಾಸ್ಕೆಟ್‌ಬಾಲ್ ಎಂಬ ಆಟದಲ್ಲಿ ಅದೇ ಗಣಿತವನ್ನು ಹೇಗೆ ಬಿಡಿಸುತ್ತಾರೆ ಎಂಬುದನ್ನು ಕುರಿತು. ಆ ಆಟದಲ್ಲಿ ಪವರ್ ಫಾರ್ವರ್ಡ್ ಎಂಬ ಒಂದು ಸ್ಥಾನವುಂಟು. ತರಬೇತುದಾರರು ಸಂಕ್ಷೇಪವಾಗಿ ಅವನನ್ನು ‘ನಾಲ್ಕನೆಯವನು’ ಎನ್ನುತ್ತಾರೆ. ಹೆಚ್ಚು ವೆಚ್ಚವಿಲ್ಲದೆ ಒಬ್ಬ ಒಳ್ಳೆಯ ನಾಲ್ಕನೆಯವನನ್ನು ಸಂಪಾದಿಸಿ ತಂಡವನ್ನು ಮೇಲೆತ್ತುವುದು ಹೇಗೆಂಬುದು ಪ್ರಪಂಚದ ಅನೇಕ ಶ್ರೀಮಂತ ತಂಡಗಳ ಯಜಮಾನರನ್ನೂ ನಿದ್ದೆಗೆಡಿಸಿರುವ ಪ್ರಶ್ನೆ.

ಬ್ರಹ್ಮಾವರದಿಂದ ಬೈಂದೂರಿನ ತನಕದ ನಮ್ಮ ಮೂರು ತಾಲೂಕುಗಳಲ್ಲಿ ಬಾಸ್ಕೆಟ್‌ಬಾಲ್ ಬೇರೂರಿದ ಆಟವಲ್ಲ. ಸುಗ್ಗಿಯ ಕೊಯ್ಲಾದ ಗದ್ದೆಯಲ್ಲಿ ಎರಡು ಕಂಬ ನೆಟ್ಟು ಬಲೆ ಕಟ್ಟಿದರೆ ವಾಲಿಬಾಲ್ ಆಯಿತು. ಗೆರೆ ಎಳೆದರೆ ಕಬಡ್ಡಿಯಾಯಿತು. ಇದಕ್ಕಾದರೋ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು, ನೆಲದಿಂದ 3.05 ಮೀಟರ್ ಎತ್ತರದಲ್ಲಿ ಕಬ್ಬಿಣದ ಬಳೆ ಬೇಕು, ಚೆಂಡು ಪುಟಿಯಬೇಕು. ನಮ್ಮ ಹೊಯಿಗೆಯ ನೆಲದಲ್ಲಿ ಚೆಂಡು ಪುಟಿಯುವುದಿಲ್ಲ. ಆದಕಾರಣ ಅದು ಕಾಲೇಜುಗಳ ಸಿಮೆಂಟಿನ ಅಂಗಳಗಳಲ್ಲಿಯೇ ಉಳಿಯಿತು. 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳನ್ನು ಒಳಾಂಗಣದಲ್ಲಿ ಆಡಿಸುವ ಸಲುವಾಗಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕನು ಬಾಲ್ಕನಿಯ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿಗಳನ್ನು ಹೊಡೆಸಿ ಈ ಆಟವನ್ನು ಕಲ್ಪಿಸಿದನು. ಅವನು ಸೇವೆಯಲ್ಲಿದ್ದುದು ವೈ.ಎಂ.ಸಿ.ಎ. ಸಂಸ್ಥೆಯಲ್ಲಿ, ನಮ್ಮ ದೇಶಕ್ಕೆ ಆಟವನ್ನು ತಂದುದೂ ಅದೇ ಸಂಸ್ಥೆ. 1920ರಲ್ಲಿ ಹ್ಯಾರಿ ಬಕ್ ಎಂಬವರು ಮದರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣದ ಕಾಲೇಜಿನಲ್ಲಿ ತರಬೇತಿ ಪಡೆದು ಹೊರಬಂದ ಡ್ರಿಲ್ ಮಾಸ್ತರರು ದಕ್ಷಿಣ ದೇಶದ ಶಾಲೆಗಳಿಗೆಲ್ಲ ಅದನ್ನು ಹಬ್ಬಿಸಿದರು.

ತಂಡಕ್ಕೆ ಐವರು. ಚೆಂಡನ್ನು ನಡೆಸಿಕೊಂಡು ಬರುವವನು ಒಬ್ಬ, ದೂರದಿಂದ ಗುರಿಯಿಟ್ಟು ಎಸೆಯುವವನು ಇನ್ನೊಬ್ಬ, ಬುಟ್ಟಿಯ ಬುಡದಲ್ಲಿ ನಿಲ್ಲುವ ಎತ್ತರದ ಆಳು ಮತ್ತೊಬ್ಬ. ಇವರ ಕೆಲಸಗಳು ಕಣ್ಣಿಗೆ ಕಾಣುವಂಥವು. ನಾಲ್ಕನೆಯವನ ಕೆಲಸವಾದರೋ ಬಹುಮಟ್ಟಿಗೆ ಚೆಂಡಿಲ್ಲದ ಕಡೆಯಲ್ಲಿ ನಡೆಯುತ್ತದೆ. ಗುರಿ ತಪ್ಪಿದ ಚೆಂಡು ಬಳೆಗೆ ಬಡಿದು ಹಿಂದಕ್ಕೆ ಪುಟಿಯುವಾಗ ಅದು ಬೀಳತಕ್ಕ ಸ್ಥಳವನ್ನು ಮೊದಲೇ ಊಹಿಸಿ, ಎದುರಾಳಿಯನ್ನು ಬೆನ್ನಿನಿಂದ ತಡೆದು, ಹಾರಿ ಅದನ್ನು ಹಿಡಿಯುವುದು. ತನ್ನ ಪಕ್ಷದ ಎಸೆಗಾರನಿಗೆ ಒಂದು ಕ್ಷಣದ ಬಿಡುವು ದೊರಕುವಂತೆ ಅವನ ಬೆಂಬತ್ತಿದವನ ದಾರಿಗೆ ಗೋಡೆಯ ಹಾಗೆ ಅಡ್ಡ ನಿಲ್ಲುವುದು. ತನಗಿಂತ ಎತ್ತರದವನನ್ನೂ ತನಗಿಂತ ಚುರುಕಾದವನನ್ನೂ ಒಂದೇ ಆಟದಲ್ಲಿ ಸರದಿಯ ಮೇಲೆ ಕಾಯುವುದು. ಇವುಗಳಲ್ಲಿ ಮೊದಲನೆಯದನ್ನು ಲೆಕ್ಕದವರು ಬರೆದುಕೊಳ್ಳುತ್ತಾರೆ. ಅಡ್ಡ ನಿಂತು ಪೆಟ್ಟು ತಿಂದುದನ್ನು ಬಹುಕಾಲ ಯಾರೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳದ ಕೆಲಸಕ್ಕೆ ಪೇಟೆಯಲ್ಲಿ ಬೆಲೆ ಏರುವುದಿಲ್ಲವಾದ್ದರಿಂದ, ಕಣ್ಣುಳ್ಳ ಯಜಮಾನನಿಗೆ ಲಾಭವು ದೊರಕುವುದು ಇದೇ ಸಂದಿಯಲ್ಲಿ. ಅಂಕಗಳನ್ನು ಸುರಿಸುವ ನಾಲ್ಕನೆಯವನು ಯಾವಾಗಲೂ ದುಬಾರಿ. ಇತರರ ಅಂಕಗಳಿಗೆ ದಾರಿ ಮಾಡಿಕೊಡುವ ನಾಲ್ಕನೆಯವನು, ಅವನಾರೆಂದು ಊರಿಗೆ ಗೊತ್ತಾಗುವ ತನಕ, ಅಗ್ಗ.

ಅಮೆರಿಕದ ವೃತ್ತಿಪರ ಸಂಘದಲ್ಲಿ ತಂಡವೊಂದು ಆಟಗಾರರ ಸಂಬಳಕ್ಕೆ ಮನಬಂದಷ್ಟು ಸುರಿಯುವಂತಿಲ್ಲ. ಕೆಲವು ವಿನಾಯಿತಿಗಳಿದ್ದರೂ, ವರ್ಷಕ್ಕೆ ಇಷ್ಟೆಂದು ಮಿತಿಯುಂಟು. 2024–25ರಲ್ಲಿ ಆ ಮಿತಿಯು 14 ಕೋಟಿ ಡಾಲರುಗಳನ್ನು ಸ್ವಲ್ಪ ಮೀರಿತ್ತು. ಹತ್ತು ವರ್ಷ ಆಡಿದ ಅಗ್ರಗಣ್ಯ ಆಟಗಾರನೊಬ್ಬನು ಅದರ ನೂರಕ್ಕೆ ಮೂವತ್ತೈದರಷ್ಟನ್ನು ಒಬ್ಬನೇ ಕೊಂಡೊಯ್ಯಬಹುದಾದ್ದರಿಂದ, ಇಬ್ಬರು ಮಹಾರಥರನ್ನು ಕಟ್ಟಿಕೊಂಡವನಿಗೆ ಉಳಿದ ಹದಿಮೂರು ಮಂದಿಯ ಸಂಬಳಕ್ಕೆ ಆ ಮಿತಿಯ ನೂರಕ್ಕೆ ಮೂವತ್ತರಷ್ಟು ಮಾತ್ರ ಉಳಿಯುತ್ತದೆ. ಅಲ್ಲಿಂದಲೇ ಹುಡುಕಾಟ ಆರಂಭವಾಗುವುದು.

ಇದಕ್ಕೆ ನಾನು ಬಲ್ಲ ಅತ್ಯಂತ ಸ್ವಾರಸ್ಯವಾದ ದೃಷ್ಟಾಂತವು ಕ್ಯಾಲಿಫೋರ್ನಿಯಾದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ್ದು. 2010ರಲ್ಲಿ ಆ ತಂಡದವರು ಡೇವಿಡ್ ಲೀ ಎಂಬ ಪವರ್ ಫಾರ್ವರ್ಡನನ್ನು ಆರು ವರ್ಷಗಳಿಗೆ ಸುಮಾರು 8 ಕೋಟಿ ಡಾಲರಿಗೆ ತಂದರು. ಅವನೇನೂ ಕಳಪೆಯಲ್ಲ, 2013ರಲ್ಲಿ ಆಯ್ದ ತಾರೆಗಳ ಪಂದ್ಯಕ್ಕೆ ಅವನ ಹೆಸರು ಬಂದಾಗ, ಹದಿನಾರು ವರ್ಷಗಳಿಂದ ಆ ತಂಡದಲ್ಲಿ ಯಾರಿಗೂ ದೊರೆಯದಿದ್ದ ಗೌರವ ಅವನಿಗೆ ದೊರೆತಿತ್ತು. ಈ ನಡುವೆ 2012ರಲ್ಲಿ, ಕಾಲೇಜಿನಿಂದ ಹೊರಬರುವ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಸಭೆಯಲ್ಲಿ, ಡ್ರೇಮಂಡ್ ಗ್ರೀನ್ ಎಂಬ ಹುಡುಗನ ಹೆಸರನ್ನು ಬಹಳ ಹೊತ್ತು ಯಾರೂ ಕರೆಯಲಿಲ್ಲ. ಆರಡಿ ಆರು ಅಂಗುಲದ ಆಳು. ನಮ್ಮ ಲೆಕ್ಕದಲ್ಲಿ ದೈತ್ಯ, ಆ ಸ್ಥಾನದ ಲೆಕ್ಕದಲ್ಲಿ ಕುಳ್ಳ. ಬದಿಯಲ್ಲಿ ಓಡಾಡಿ ಆಡುವ ಮೂರನೆಯ ಸ್ಥಾನಕ್ಕೆ ಓಟ ಸಾಲದು, ನಾಲ್ಕನೆಯದಕ್ಕೆ ಎತ್ತರ ಸಾಲದು ಎಂದು ಪರೀಕ್ಷಕರು ತೀರ್ಮಾನಿಸಿದ್ದರು. ಅವನಿಗಿಂತ ಮೊದಲು ಮೂವತ್ತನಾಲ್ಕು ಹುಡುಗರ ಹೆಸರನ್ನು ಕರೆದಾಯಿತು. ವಾರಿಯರ್ಸ್ ತಂಡದವರ ದೂರದೃಷ್ಟಿಯನ್ನು ಈಗ ಎಲ್ಲರೂ ಹೊಗಳುತ್ತಾರೆ. ಆದರೆ ಅವರೇ ಆ ದಿವಸ ಏಳನೆಯ ಸರದಿಯಲ್ಲಿ ಒಬ್ಬನನ್ನು, ಮೂವತ್ತನೆಯ ಸರದಿಯಲ್ಲಿ ಇನ್ನೊಬ್ಬನನ್ನು ಆರಿಸಿಕೊಂಡು, ಎರಡು ಬಾರಿ ಅವನನ್ನು ದಾಟಿ ಹೋದ ಬಳಿಕವಷ್ಟೆ ಮೂವತ್ತೈದನೆಯವನಾಗಿ ಅವನನ್ನು ಕರೆದರೆಂಬುದನ್ನು ಹೊಗಳುವವರು ಹೇಳುವುದಿಲ್ಲ.

ಎರಡು ವರ್ಷ ಅವನು ಬಹುತೇಕ ಬೆಂಚಿನಿಂದ ಎದ್ದು ಬಂದು, ಬದಲಿ ಆಟಗಾರನಾಗಿ ಆಡಿದನು. 2014ರ ಮೇ ತಿಂಗಳಿನಲ್ಲಿ ಸ್ಟೀವ್ ಕೆರ್ ಎಂಬ ಹೊಸ ತರಬೇತುದಾರನು ಬಂದನು. ಋತುವು ಆರಂಭವಾಗುವ ಹೊತ್ತಿಗೆ ಡೇವಿಡ್ ಲೀಯ ತೊಡೆಯ ಸ್ನಾಯು ನೊಂದಿತು. ತಾತ್ಕಾಲಿಕವಾಗಿ ಗ್ರೀನನನ್ನು ನಿಲ್ಲಿಸಿದರು. ತಾತ್ಕಾಲಿಕವು ಶಾಶ್ವತವಾಯಿತು. ಆ ವರ್ಷ ಲೀಯ ಸಂಬಳ ಸುಮಾರು ಒಂದೂವರೆ ಕೋಟಿ ಡಾಲರ್. ಗ್ರೀನನದು ಹತ್ತು ಲಕ್ಷ ಡಾಲರಿಗೂ ಕಡಿಮೆ. ಗ್ರೀನನು ನಾಲ್ಕನೆಯ ಸ್ಥಾನದಲ್ಲಿ ನಿಂತು ಎದುರು ಪಕ್ಷದ ಐವರಲ್ಲಿ ಯಾರನ್ನು ಬೇಕಾದರೂ ಕಾಯಬಲ್ಲವನಾಗಿದ್ದನು. ಹಿಡಿದ ಚೆಂಡನ್ನು ತಾನೇ ಓಡಿಸಿಕೊಂಡು ಹೋಗಿ ಗುರಿಕಾರರ ಕೈಗೆ ಇಡಬಲ್ಲವನಾಗಿದ್ದನು. ಬಾಯಿಯೂ ಸುಮ್ಮನಿರುತ್ತಿರಲಿಲ್ಲ, ಇಡೀ ತಂಡದ ಕಾವಲನ್ನು ಕೂಗಿ ಕೂಗಿ ನಡೆಸುತ್ತಿದ್ದನು. ತಂಡವು 82 ಪಂದ್ಯಗಳಲ್ಲಿ 67ನ್ನು ಗೆದ್ದು, ನಲವತ್ತು ವರ್ಷಗಳ ತರುವಾಯ 2015ರಲ್ಲಿ ಪ್ರಶಸ್ತಿಯನ್ನು ಪಡೆಯಿತು. ಲೀಯು ಗಾಯಗೊಳ್ಳದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರೆ, ಅಷ್ಟು ಸಂಬಳ ಕೊಟ್ಟ ಆಳನ್ನು ಬೆಂಚಿನ ಮೇಲೆ ಕೂರಿಸುವ ಧೈರ್ಯವು ಬಹಳ ಯಜಮಾನರಿಗೆ ಇರುವುದಿಲ್ಲ ಎಂದಷ್ಟೇ ಹೇಳಬಹುದು. ಕೊಟ್ಟ ಹಣವೇ ಕಣ್ಣಿಗೆ ಕಟ್ಟಿದ ಪಟ್ಟಿಯಾಗುವುದುಂಟು.

ಇನ್ನೊಂದು ಬಗೆಯ ಅಗ್ಗವೂ ಉಂಟು: ಗುಣವು ಎಲ್ಲರಿಗೂ ತಿಳಿದಿದ್ದು, ದೋಷದ ಭಯದಿಂದ ಯಾರೂ ಮುಟ್ಟದಿರುವುದು. ಶಿಕಾಗೊ ಬುಲ್ಸ್ ತಂಡದ ನಾಲ್ಕನೆಯವನಾಗಿದ್ದ ಹೊರೇಸ್ ಗ್ರ್ಯಾಂಟ್ 1994ರಲ್ಲಿ ಆರ್ಲ್ಯಾಂಡೊಗೆ ಹೊರಟುಹೋದನು. ಮರುವರ್ಷ ಅದೇ ಆರ್ಲ್ಯಾಂಡೊ ತಂಡವು, ಮೈಕಲ್ ಜಾರ್ಡನ್‌ನಂಥವನು ಮರಳಿ ಬಂದಿದ್ದಾಗಲೂ, ಶಿಕಾಗೊವನ್ನು ಸೋಲಿಸಿತು. ತೆರವಾದ ಸ್ಥಾನದ ಬೆಲೆಯೆಷ್ಟೆಂಬುದು ಆಗ ಗೊತ್ತಾಯಿತು. 1995ರ ಅಕ್ಟೋಬರಿನಲ್ಲಿ ಶಿಕಾಗೊದವರು ವಿಲ್ ಪರ್ಡ್ಯೂ ಎಂಬ ಸಾಧಾರಣ ಆಟಗಾರನನ್ನು ಬಿಟ್ಟುಕೊಟ್ಟು ಡೆನಿಸ್ ರಾಡ್‌ಮನ್‌ನನ್ನು ತಂದರು. ಕೂದಲಿಗೆ ಬಗೆಬಗೆಯ ಬಣ್ಣ, ಮೈಮೇಲೆಲ್ಲ ಹಚ್ಚೆ, ಯಾರ ಮಾತನ್ನೂ ಕೇಳದ ಸ್ವಭಾವ. ಅವನನ್ನು ಇಟ್ಟುಕೊಂಡವರು ಬೇಸತ್ತಿದ್ದರು. ಆದರೆ ಪುಟಿದ ಚೆಂಡನ್ನು ಹಿಡಿಯುವ ಕಲೆಯಲ್ಲಿ ಅವನಿಗೆ ಸಮನಾದವನು ಆ ಕಾಲದಲ್ಲಿ ಇರಲಿಲ್ಲ. ಮೂವತ್ತನಾಲ್ಕರ ವಯಸ್ಸಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ ಹದಿನೈದರ ಸಮೀಪ ಚೆಂಡುಗಳನ್ನು ಅವನು ಹಿಡಿದನು. ತಂಡವು 82ರಲ್ಲಿ 72 ಪಂದ್ಯಗಳನ್ನು ಗೆದ್ದು, ಆ ವರ್ಷದಿಂದ ಮೊದಲ್ಗೊಂಡು ಮೂರು ವರ್ಷ ಒಂದರ ಮೇಲೊಂದು ಪ್ರಶಸ್ತಿಯನ್ನು ಕೊಂಡಿತು. ಅಂಥವನನ್ನು ನಡೆಸಿಕೊಳ್ಳಬಲ್ಲ ತರಬೇತುದಾರನು ಶಿಕಾಗೊದಲ್ಲಿದ್ದನು, ಇತರ ಕಡೆಯಲ್ಲಿರಲಿಲ್ಲ. ಹೀಗಾಗಿ ಇತರರಿಗೆ ದುಬಾರಿಯಾದ ಅದೇ ವಸ್ತು ಅವರಿಗೆ ಅಗ್ಗವಾಯಿತು. ನಮ್ಮ ಮೇಳಗಳ ಚರಿತ್ರೆಯನ್ನು ಬಲ್ಲವರಿಗೆ ಇಂಥ ಕಲಾವಿದರ ಹೆಸರುಗಳು ನೆನಪಿಗೆ ಬಂದಾವು; ನಾನು ಹೇಳುವುದಿಲ್ಲ.

ಇದೇ ಲೆಕ್ಕಾಚಾರವು ನಮ್ಮ ಕರ್ನಾಟಕದಲ್ಲಿ ಕಬಡ್ಡಿಯ ಅಂಕಣದಲ್ಲಿ ಬಹಿರಂಗವಾಗಿ ನಡೆದಿದೆ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಾಗ ಹರಾಜಿನಲ್ಲಿ ಅತ್ಯಧಿಕ ಬೆಲೆ ಪಡೆದವರು ರಾಕೇಶ್ ಕುಮಾರ್. ಮೊತ್ತ 12 ಲಕ್ಷ 80 ಸಾವಿರ ರೂಪಾಯಿ. ಒಂಬತ್ತು ವರ್ಷಗಳ ತರುವಾಯ, 2023ರಲ್ಲಿ, ಪವನ್ ಸೆಹ್ರಾವತ್‌ಗೆ 2 ಕೋಟಿ 60 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆ ಬಂದಿತು. ಈ ಏರಿಕೆಯ ನಡುವೆ ಬೆಂಗಳೂರು ಬುಲ್ಸ್ ತಂಡದವರು ಮಾಡಿದ ಒಂದು ವ್ಯಾಪಾರವಿದೆ. ಅದೇ ಪವನ್ ಮೊದಲು ಬೆಂಗಳೂರಿನಲ್ಲಿಯೇ ಇದ್ದು, 2017ರಲ್ಲಿ ಗುಜರಾತಿಗೆ ಹೋಗಿ, ಅಲ್ಲಿ ಹೆಚ್ಚು ಆಡದೆ ಬೆಂಚಿನ ಮೇಲೆ ಕಾಲ ಕಳೆದಿದ್ದರು. 2018ರ ಹರಾಜಿನಲ್ಲಿ ಮೋನು ಗೋಯತ್ ಎಂಬವರಿಗೆ ಒಂದೂವರೆ ಕೋಟಿಯನ್ನು ದಾಟಿ ಕೂಗು ಹೋದಾಗ, ಬೆಂಗಳೂರಿನವರು ಅದರ ಮೂರನೆಯ ಒಂದು ಪಾಲಿನಷ್ಟು ಹಣಕ್ಕೆ, ಅಂದರೆ 52 ಲಕ್ಷ 80 ಸಾವಿರಕ್ಕೆ, ಪವನ್‌ರನ್ನು ಮರಳಿ ಕರೆತಂದರು. ಆ ಋತುವಿನಲ್ಲಿ ಅವರು ದಾಳಿಯಿಂದಲೇ ಗಳಿಸಿದ ಅಂಕಗಳು 271. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬೆಂಗಳೂರು 38–33ರಿಂದ ಗೆದ್ದಿತು. ಸೋತವರು ಅದೇ ಗುಜರಾತಿನವರು. ಗೆದ್ದವರ ಅಂಕಗಳಲ್ಲಿ 22 ಪವನ್‌ರವು. ತಮ್ಮ ಬೆಂಚಿನಲ್ಲಿದ್ದುದನ್ನು ತಾವೇ ನೋಡದೆ ಹೋದವರಿಗೆ ಅದಕ್ಕಿಂತ ಸ್ಪಷ್ಟವಾದ ಉತ್ತರವನ್ನು ಯಾರು ಕೊಡಬಲ್ಲರು?

ಆದರೆ ಪವನ್ ರೈಡರ್; ಕಬಡ್ಡಿಯಲ್ಲಿ ನಾಲ್ಕನೆಯವನ ಕೆಲಸ ಮಾಡುವವರು ಕ್ಯಾಚರುಗಳು, ಅದರಲ್ಲಿಯೂ ಮೂಲೆಯಲ್ಲಿ ನಿಲ್ಲುವವರು ಮತ್ತು ಮೂಲೆಯವನಿಗೆ ಒತ್ತಾಸೆಯಾಗಿ ನಿಲ್ಲುವ ಕವರಿನವರು. ಒಳನುಗ್ಗಿದ ರೈಡರ್ ಒಂದೇ ಉಸಿರಿನಲ್ಲಿ ಇಬ್ಬರನ್ನು ಮೂವರನ್ನು ಮುಟ್ಟಿ ಹೋಗಬಹುದು. ಅವನನ್ನು ಕೆಡವಿದ ಏಳ್ವರಿಗೆ ಸಾಮಾನ್ಯವಾಗಿ ದಕ್ಕುವುದು ಒಂದು ಅಂಕ. ಹೀಗಿರುವಾಗ ಬೆಲೆಯು ರೈಡರಿನ ಕಡೆಗೆ ವಾಲಿದುದರಲ್ಲಿ ಆಶ್ಚರ್ಯವಿಲ್ಲ. ಇರಾನಿನವರು ಆ ವಾಲುವಿಕೆಯನ್ನು ಸ್ವಲ್ಪ ಸರಿಪಡಿಸಿದರು: ಫಜಲ್ ಅತ್ರಾಚಲಿ ಎಂಬ ಮೂಲೆಯ ಆಟಗಾರನು 2018ರಲ್ಲಿ ಒಂದು ಕೋಟಿ ರೂಪಾಯಿ ಪಡೆದನು. ಆ ದಿವಸದಿಂದ ಒಳ್ಳೆಯ ಮೂಲೆಯವನು ಅಗ್ಗವಾಗಿ ಉಳಿಯಲಿಲ್ಲ. ಹುಡುಕುವವರು ಈಗ ಇನ್ನೂ ಕೆಳಗಿಳಿದು, ಹೆಸರಿಲ್ಲದ ಹುಡುಗರ ಕಡೆಗೆ ನೋಡಬೇಕಾಗಿದೆ. ನಮ್ಮ ನೆರೆಯ ಕಾರ್ಕಳದ ಕಡೆಯವರಾದ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕರಾಗಿ ಅದನ್ನು ಮೊದಲ ವರ್ಷವೇ ಅಂತಿಮ ಪಂದ್ಯಕ್ಕೆ ಕೊಂಡೊಯ್ದರು. ಅದೇ ಸೀಮೆಯ ಹೆರ್ಮುಂಡೆಯ ಮಮತಾ ಪೂಜಾರಿ ಭಾರತದ ಮಹಿಳಾ ತಂಡಕ್ಕೆ ನಾಯಕಿಯಾಗಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಕರಾವಳಿಯ ಮಣ್ಣಿನಲ್ಲಿ ಆಳುಗಳು ಇಲ್ಲವೆಂದು ಯಾರೂ ಹೇಳಲಾರರು.

ಬಾಸ್ಕೆಟ್‌ಬಾಲಿನಲ್ಲಿ ನಮ್ಮ ದೇಶದ ಸ್ಥಿತಿ ಬೇರೆ. ಬೆಂಗಳೂರಿನ ಹೆಸರಿನ ವೃತ್ತಿಪರ ತಂಡಗಳು ಬಂದಿವೆ, ಹೋಗಿವೆ. ಲೀಗುಗಳು ಎರಡು ಮೂರು ವರ್ಷ ನಡೆದು ನಿಂತಿವೆ. ಹೀಗಿರುವುದರಿಂದ ಎತ್ತರದ, ಬಲಶಾಲಿಯಾದ ಆಟಗಾರನು ತನ್ನ ಅನ್ನಕ್ಕೆ ಲೀಗನ್ನು ನಂಬುವುದಿಲ್ಲ. ರೈಲ್ವೆ, ಸೈನ್ಯ, ಒ.ಎನ್.ಜಿ.ಸಿ., ಬ್ಯಾಂಕು, ಇವುಗಳಲ್ಲಿ ನೌಕರಿ ಹಿಡಿಯುತ್ತಾನೆ. ಅವನಿಗೆ ಬೇಕಾದುದು ಮೂರು ತಿಂಗಳ ದೊಡ್ಡ ಮೊತ್ತವಲ್ಲ, ನಿವೃತ್ತಿಯ ತನಕದ ಸಂಬಳ. ನಮ್ಮ ಕರಾವಳಿಯ ಹಿರಿಯರು ಈ ಗುಟ್ಟನ್ನು ಬಹಳ ಹಿಂದೆಯೇ ಅರಿತಿದ್ದರು. 1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟಿಯವರ ಮುಂದಾಳುತನದಲ್ಲಿ ಹುಟ್ಟಿದ ವಿಜಯಾ ಬ್ಯಾಂಕು, ಮುಂದೆ ಬೆಂಗಳೂರಿನಲ್ಲಿ ನೆಲೆಸಿ, ಆಟಗಾರರಿಗೆ ಉದ್ಯೋಗ ಕೊಟ್ಟು ಬಾಸ್ಕೆಟ್‌ಬಾಲ್ ತಂಡವನ್ನೂ ಕಬಡ್ಡಿ ತಂಡವನ್ನೂ ಕಟ್ಟಿತು. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಲೆಡ್ಜರು. ಹರಾಜಿನ ಕೂಗಿಗೆ ದೊರಕದ ಆಳು ಆ ಲೆಡ್ಜರಿಗೆ ದೊರಕುತ್ತಿದ್ದನು. 2019ರ ಏಪ್ರಿಲ್ 1ರಂದು ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಇಂದು ಯಾವನಾದರೂ ತಂಡದ ಒಡೆಯನು ನನ್ನನ್ನು ಕೇಳಿದರೆ, ಬೆಲೆಯ ಮಾತು ಎತ್ತುವ ಮೊದಲು ಆಟಗಾರನ ಮೇಲಧಿಕಾರಿಯ ಹತ್ತಿರ ರಜೆಯ ಮಾತು ಆಡು ಎಂದೇನು. ಭಾರತದ ನಾಲ್ಕನೆಯವನ ನಿಜವಾದ ಬೆಲೆಯು ರೂಪಾಯಿಗಳಲ್ಲಿಲ್ಲ, ಸವೇತನ ರಜೆಯ ದಿನಗಳಲ್ಲಿದೆ.

ಬರಿಯ ಎತ್ತರವನ್ನು ನೋಡಿ ಮರುಳಾಗುವುದೂ ಒಂದು ರೋಗ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ, ಏಳಡಿ ಎರಡು ಅಂಗುಲದ ಸತ್ನಾಂ ಸಿಂಗರನ್ನು 2015ರಲ್ಲಿ ಡಲ್ಲಾಸ್ ತಂಡದವರು ಐವತ್ತೆರಡನೆಯ ಸರದಿಯಲ್ಲಿ ಆರಿಸಿಕೊಂಡಾಗ ದೇಶವೇ ಹಿಗ್ಗಿತು. ಆ ಗೌರವ ಭಾರತದಲ್ಲಿ ಹುಟ್ಟಿದ ಬೇರಾರಿಗೂ ಅದುವರೆಗೆ ಬಂದಿರಲಿಲ್ಲ. ಆದರೆ ಅಮೆರಿಕದ ಆ ವೃತ್ತಿಪರ ಸಂಘದ ಒಂದು ಪಂದ್ಯದಲ್ಲಿಯೂ ಅವರಿಗೆ ಆಡುವ ಅವಕಾಶ ಒದಗಲಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. ವಂಡ್ಸೆಯ ಗುರುರಾಜ ಪೂಜಾರಿಯವರ ಹೆಸರು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಲಾರಿ ಚಾಲಕರ ಮಗ. ಬಾಲ್ಯದಲ್ಲಿ ಮನಸ್ಸಿದ್ದುದು ಕುಸ್ತಿಯ ಕಡೆಗೆ, 2008ರ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರರು ಪದಕ ಗೆದ್ದುದನ್ನು ನೋಡಿದ ಮೇಲೆ ಹುಟ್ಟಿದ ಆಸೆ. ಉಜಿರೆಯ ಕಾಲೇಜಿನಲ್ಲಿ ಆ ಮೈಕಟ್ಟನ್ನು ಭಾರ ಎತ್ತುವ ಕಡೆಗೆ ತಿರುಗಿಸಿದವರು ತರಬೇತುದಾರರು. 2018ರ ಏಪ್ರಿಲಿನಲ್ಲಿ, ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ, 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯನ್ನು ತಂದರು. ಆ ಕ್ರೀಡೆಗಳಲ್ಲಿ ಭಾರತದ ಮೊದಲ ಪದಕವೇ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ, 61 ಕಿಲೋ ವಿಭಾಗದಲ್ಲಿ, 269 ಕಿಲೋ ಎತ್ತಿ ಕಂಚನ್ನು ತಂದರು. ಬಲವು ಊರಿನಲ್ಲಿಯೇ ಇತ್ತು. ಅದು ಯಾವ ಆಟದ ಬಲವೆಂದು ಗುರುತಿಸುವ ಕಣ್ಣು ಮಾತ್ರ ಬೇಕಾಗಿತ್ತು.

ಇಂಥ ಕಣ್ಣಿಗೆ ಬಾಸ್ಕೆಟ್‌ಬಾಲಿನ ಚರಿತ್ರೆಯಲ್ಲಿಯೂ ಒಂದು ಕಡಲತಡಿಯ ಕಥೆಯುಂಟು. ವರ್ಜಿನ್ ದ್ವೀಪಗಳ ಸೇಂಟ್ ಕ್ರೋಯಿ ಎಂಬಲ್ಲಿ ಟಿಮ್ ಡಂಕನ್ ಎಂಬ ಹುಡುಗನು ಈಜುಗಾರನಾಗಬೇಕೆಂದಿದ್ದನು. 1989ರಲ್ಲಿ ಹ್ಯೂಗೊ ಎಂಬ ಚಂಡಮಾರುತವು ಬಂದು ದ್ವೀಪದ ಈಜುಕೊಳವನ್ನು ಹಾಳುಮಾಡಿತು. ಸಮುದ್ರದಲ್ಲಿ ಈಜೋಣವೆಂದರೆ ಶಾರ್ಕಿನ ಭಯ. ಅವನು ಚೆಂಡನ್ನು ಹಿಡಿದನು. ಆ ದ್ವೀಪದಲ್ಲಿ ಎತ್ತರದ ಹುಡುಗನೊಬ್ಬನಿದ್ದಾನೆಂದು ತನ್ನ ಹಳೆಯ ಆಟಗಾರನ ಬಾಯಿಂದ ಕೇಳಿದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ತರಬೇತುದಾರ ಡೇವ್ ಓಡಮ್ ಸ್ವತಃ ಹೋಗಿ ನೋಡಿದನು. 1997ರಲ್ಲಿ ಅದೇ ಹುಡುಗನನ್ನು ವೃತ್ತಿಪರ ಸಂಘದವರು ಎಲ್ಲರಿಗಿಂತ ಮೊದಲನೆಯವನಾಗಿ ಆರಿಸಿದರು. ಸ್ಯಾನ್ ಆಂಟೋನಿಯೊ ತಂಡಕ್ಕೆ ಅವನು ಐದು ಪ್ರಶಸ್ತಿಗಳನ್ನು ಗೆದ್ದುಕೊಟ್ಟನು. ಆ ಸ್ಥಾನದಲ್ಲಿ ಆಡಿದವರಲ್ಲಿಯೇ ಶ್ರೇಷ್ಠನೆಂದು ಬಲ್ಲವರು ಅನೇಕರು ಎಣಿಸುತ್ತಾರೆ. 1997ರಲ್ಲಿ ಅವನ ಬೆಲೆ ಯಾರ ಕೈಗೂ ಎಟುಕುವಂತಿರಲಿಲ್ಲ. ಓಡಮ್ ಹೋಗಿ ನೋಡಿದ ವರ್ಷ ಅದು ಒಂದು ವಿಮಾನದ ಟಿಕೇಟಿನಷ್ಟೇ ಇತ್ತು.

ಮೇಳದ ಯಜಮಾನರಲ್ಲಿ ಜಾಣರಾದವರು ಈ ಕೆಲಸವನ್ನು ಎಂತು ಮಾಡುತ್ತಿದ್ದರೆಂಬುದು ಇಲ್ಲಿ ವಿಚಾರಾರ್ಹವಾದುದು. ಬಡಗುತಿಟ್ಟಿನ ಇಡೀ ರಾತ್ರಿಯ ಆಟದಲ್ಲಿ ಮೊದಲು ಬರುವವರು ಕೋಡಂಗಿಗಳು, ಬಳಿಕ ಬಾಲಗೋಪಾಲರು, ಬಳಿಕ ಪೀಠಿಕೆಯ ಸ್ತ್ರೀವೇಷಗಳು. ಆ ಹೊತ್ತಿಗೆ ಪ್ರೇಕ್ಷಕರು ಇನ್ನೂ ಮನೆಯಲ್ಲಿ ಊಟಕ್ಕೆ ಕುಳಿತಿರುತ್ತಾರೆ, ಬಂದವರು ಚಾಪೆ ಬಿಡಿಸುತ್ತಿರುತ್ತಾರೆ, ಚರುಮುರಿಯ ಗಾಡಿಯ ಸುತ್ತ ನಿಂತಿರುತ್ತಾರೆ. ರಂಗಸ್ಥಳದಲ್ಲಿ ಹುಡುಗನೊಬ್ಬನು ತಾಳಕ್ಕೆ ಹೆಜ್ಜೆ ಹಾಕುತ್ತಿರುತ್ತಾನೆ, ಅವನನ್ನು ನೋಡುವವರಿಲ್ಲ. ಹಾರಾಡಿ, ಮಟಪಾಡಿ ಎಂಬ, ಬ್ರಹ್ಮಾವರದ ಕೂಗಳತೆಯಲ್ಲಿರುವ ಎರಡು ಹಳ್ಳಿಗಳ ಹೆಸರಿನಲ್ಲಿ ಎರಡು ತಿಟ್ಟುಗಳೇ ಬೆಳೆದು, ಹಾರಾಡಿಯ ರಾಮ ಗಾಣಿಗ, ಕುಷ್ಟ ಗಾಣಿಗ, ಮಟಪಾಡಿಯ ವೀರಭದ್ರ ನಾಯಕ ಮುಂತಾದ ಮಹಾವೇಷಧಾರಿಗಳನ್ನು ಈ ನಾಡು ಕಂಡಿತು. ಅಂಥವರು ಕಾಲಿಟ್ಟ ಮೇಲೆ ಅವರ ಬೆಲೆಯನ್ನು ಯಾವ ಮಗುವೂ ಹೇಳಬಲ್ಲುದು. ಕೋಡಂಗಿಯ ಹೊತ್ತಿನಲ್ಲಿ ಚೌಕಿಯ ಹೊರಗೆ ನಿಂತು, ಈ ಹುಡುಗನ ಕಾಲು ನಿಲ್ಲುತ್ತದೆಯೆ, ಮೈ ಎತ್ತರಕ್ಕೆ ಬಂದೀತೆ, ಭಾಗವತರು ತಾಳ ಬದಲಿಸಿದಾಗ ಗಾಬರಿಗೊಳ್ಳುತ್ತಾನೆಯೆ ಎಂದು ನೋಡಿದ ಯಜಮಾನನಿಗೆ, ಐದು ವರ್ಷಗಳ ತರುವಾಯ ಒಳ್ಳೆಯ ಮುಂಡಾಸು ವೇಷವೊಂದು ಅಲ್ಪ ಸಂಬಳಕ್ಕೆ ಸಿದ್ಧವಾಗಿರುತ್ತಿತ್ತು. ಈಚೆಗೆ ಕಾಲಮಿತಿಯ ಆಟಗಳು ಬಂದು ಅನೇಕ ಕಡೆ ಈ ಪೂರ್ವರಂಗವನ್ನು ಮೊಟಕುಗೊಳಿಸಿವೆ. ಪ್ರೇಕ್ಷಕರಿಗೆ ಅದರಿಂದ ನಿದ್ದೆಯ ಲಾಭವಾಯಿತೆಂಬುದನ್ನು ಒಪ್ಪುತ್ತೇನೆ. ಆದರೆ ಯಜಮಾನನು ಅಗ್ಗವಾಗಿ ಆಳನ್ನು ಗುರುತಿಸುತ್ತಿದ್ದ ಆ ಗಳಿಗೆಯೂ ಅದರೊಂದಿಗೆ ಹೋಯಿತು. ಈಗ ಮೇಳಗಳು ಒಬ್ಬರ ಕಲಾವಿದನನ್ನು ಇನ್ನೊಬ್ಬರು ಹೆಚ್ಚು ಮುಂಗಡ ಕೊಟ್ಟು ಸೆಳೆದುಕೊಳ್ಳುವುದು ಬಿಟ್ಟರೆ ಬೇರೆ ದಾರಿ ಕಾಣದೆ ಕಷ್ಟಪಡುತ್ತಿವೆ.

ಆದುದರಿಂದ ಬೆಂಗಳೂರಿನ ಯಾವುದಾದರೂ ಬಾಸ್ಕೆಟ್‌ಬಾಲ್ ತಂಡದವರು, ಹಣ ಕಡಿಮೆ, ನಾಲ್ಕನೆಯವನು ಬೇಕು ಎಂದು ಕೇಳಿದರೆ ನಾನು ಹೇಳತಕ್ಕುದು ಇಷ್ಟು. ನಮ್ಮ ತಾಲೂಕುಗಳಲ್ಲಿ ಬೇಸಗೆಯ ರಾತ್ರಿಗಳಲ್ಲಿ ನಡೆಯುವ ಹೊನಲುಬೆಳಕಿನ ವಾಲಿಬಾಲ್, ಕಬಡ್ಡಿ ಪಂದ್ಯಾಟಗಳಿಗೆ ಬನ್ನಿರಿ. ಬರುವಾಗ ಅಂತಿಮ ಪಂದ್ಯದ ಹೊತ್ತಿಗೆ ಬರಬೇಡಿರಿ. ನಸುಕಿಗೆ ನಡೆಯುವ ಅಂತಿಮ ಪಂದ್ಯಕ್ಕೆ ಮೈಕಿನವನು ಹೆಸರು ಕೂಗುತ್ತಿರುತ್ತಾನೆ, ಹೊರ ಊರುಗಳಿಂದ ತಂಡಗಳು ಹಣ ಕೊಟ್ಟು ಕರೆಸಿದ ಹೆಸರಾಂತ ಆಟಗಾರರು ಇಳಿದಿರುತ್ತಾರೆ. ಅಲ್ಲಿ ಎಲ್ಲರಿಗೂ ಬೆಲೆ ಕಟ್ಟಿಯಾಗಿದೆ. ಸಂಜೆಯ ಮೊದಲ ಸುತ್ತಿನಲ್ಲಿ, ಗ್ಯಾಲರಿ ಖಾಲಿಯಿರುವಾಗ, ಸೋಲುವ ತಂಡದ ಹುಡುಗರನ್ನು ನೋಡಿರಿ. ಬಲೆಯ ಬಳಿ ಎದುರಾಳಿಯ ಹೊಡೆತಕ್ಕೆ ಎರಡು ಕೈಗಳನ್ನು ಒಡ್ಡಿ ಹಾರುವ ಹುಡುಗನು ಎರಡನೆಯ ಸಲ, ಮೂರನೆಯ ಸಲವೂ ಅಷ್ಟೇ ಎತ್ತರಕ್ಕೆ ಹಾರುತ್ತಾನೆಯೆ, ತನ್ನದಲ್ಲದ ಚೆಂಡಿನ ಬೆನ್ನಟ್ಟುತ್ತಾನೆಯೆ, ಅಂಕ ಹೋದ ಮೇಲೆ ಜೊತೆಯವನ ಮುಖವನ್ನು ನೋಡುತ್ತಾನೆಯೆ ಅಥವಾ ನೆಲವನ್ನು ನೋಡುತ್ತಾನೆಯೆ, ಇವುಗಳನ್ನು ಗಮನಿಸಿರಿ. ಬಳೆಗೆ ಚೆಂಡು ಹಾಕುವುದನ್ನು ಮೂರು ವರ್ಷಗಳಲ್ಲಿ ಕಲಿಸಬಹುದು. ಇದನ್ನು ಕಲಿಸಿದವರನ್ನು ನಾನು ಕಂಡಿಲ್ಲ. ಒಮ್ಮೆ ಕೈಬಿಟ್ಟವನನ್ನು ಮತ್ತೆ ನೋಡಲು ನಾಚಬೇಡಿರಿ ಎಂಬುದೂ ಒಂದು ಮಾತು: ಪಿ.ಜೆ. ಟಕರ್ ಎಂಬ ಆಟಗಾರನು 2006ರಲ್ಲಿ ಟೊರಾಂಟೊ ತಂಡವನ್ನು ಸೇರಿ, 17 ಪಂದ್ಯಗಳಲ್ಲಿ ಆಡಿ, ಹೊರಬಿದ್ದು, ಇಸ್ರೇಲ್, ಯುಕ್ರೇನ್, ಗ್ರೀಸ್, ಇಟಲಿ, ಜರ್ಮನಿಗಳನ್ನೆಲ್ಲ ಸುತ್ತಿ, 2012ರಲ್ಲಿ ಸ್ವದೇಶಕ್ಕೆ ಮರಳಿ, 2021ರಲ್ಲಿ ಮಿಲ್ವಾಕಿ ತಂಡದೊಂದಿಗೆ ಪ್ರಶಸ್ತಿ ಗೆದ್ದನು. ಗಲ್ಫಿಗೋ ಮುಂಬಯಿಗೋ ಹೋಗಿ ಮರಳಿದ ನಮ್ಮ ಆಟಗಾರರಲ್ಲಿ ಅಂಥವರು ಇರಲಾರರೆಂದು ಯಾರು ಹೇಳಿಯಾರು?

ಕೊನೆಗೆ ಯಜಮಾನರಿಗೊಂದು ಎಚ್ಚರಿಕೆ. ಅಗ್ಗದ ಆಳು ಬಹುಕಾಲ ಅಗ್ಗವಾಗಿರುವುದಿಲ್ಲ. 2015ರಲ್ಲಿ ಪ್ರಶಸ್ತಿ ಗೆದ್ದ ಮರುತಿಂಗಳೇ ವಾರಿಯರ್ಸ್ ತಂಡದವರು ಡ್ರೇಮಂಡ್ ಗ್ರೀನನಿಗೆ ಐದು ವರ್ಷಗಳಿಗೆ 8 ಕೋಟಿ 20 ಲಕ್ಷ ಡಾಲರುಗಳ ಕರಾರನ್ನು ಬರೆದುಕೊಟ್ಟರು. ಹಿಂದೆ ಹೆಚ್ಚುಕಡಿಮೆ ಅಷ್ಟೇ ಮೊತ್ತಕ್ಕೆ ತಂದಿದ್ದ ಡೇವಿಡ್ ಲೀಯನ್ನು ಅದೇ ತಿಂಗಳು ಬಾಸ್ಟನ್ನಿಗೆ ಕಳುಹಿಸಿಬಿಟ್ಟರು.